ಆರೋಗ್ಯ ಚಿಂತನ: ಹೃದಯದ ಬಲವನ್ನು ಅಳೆಯುವ ಬಗೆ

ಮನೆಯ ಹಿರಿಯರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ಸಂಜೆಯ ಹೊತ್ತಿಗೆ ಪಾದಗಳು ಊದಿಕೊಂಡರೆ, ರಾತ್ರಿ ಮಲಗಿದಾಗ ಉಸಿರು ಕಟ್ಟಿದಂತಾಗಿ ಎದ್ದು ಕೂರುವಂತಾದರೆ, "ವಯಸ್ಸಾಯಿತು, ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾಗುವ ಕಾಲವೊಂದಿತ್ತು. ಇಂದು ಅಂಥವರನ್ನು ವೈದ್ಯರಲ್ಲಿಗೆ ಕರೆದೊಯ್ದು ಪರೀಕ್ಷೆ ಮಾಡಿಸುವುದು ರೂಢಿಯಾಗಿದೆ. ಹಾಗೆ ಹೋಗಿ ಬಂದವರ ಕೈಯಲ್ಲಿರುವ ವರದಿಯಲ್ಲಿ 'ಇ.ಎಫ್.' ಎಂಬ ಎರಡು ಅಕ್ಷರಗಳೂ ಅವುಗಳ ಮುಂದೆ ಒಂದು ಅಂಕಿಯೂ ಕಾಣಸಿಗುತ್ತವೆ. ಆ ಅಂಕಿಯನ್ನು ಕಂಡು ಕೆಲವರು ಧೈರ್ಯಗುಂದುತ್ತಾರೆ. ಇನ್ನು ಕೆಲವರು, ಕಳೆದ ವರ್ಷಕ್ಕಿಂತ ಈ ವರ್ಷ ಅಂಕಿ ಏರಿತೆಂದು ಹಿಗ್ಗಿ, ನುಂಗುತ್ತಿದ್ದ ಮಾತ್ರೆಗಳನ್ನೇ ನಿಲ್ಲಿಸಿಬಿಡುತ್ತಾರೆ. ಈ ಎರಡೂ ತರವಲ್ಲ. ಆ ಅಂಕಿ ಎಲ್ಲಿಂದ ಬರುತ್ತದೆ, ಅದನ್ನು ಅತ್ಯಂತ ನಿಖರವಾಗಿ ಅಳೆಯುವ ಎಂ.ಆರ್.ಐ. ಪರೀಕ್ಷೆ ಹೇಗೆ ನಡೆಯುತ್ತದೆ, ಅಳತೆ ಕೈಗೆ ಬಂದ ಮೇಲೆ ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ನಾವು ವಿವರಿಸಬಯಸುತ್ತೇವೆ.

ಹೃದಯದ ದುಡಿಮೆ

ಹೃದಯವು ಮುಷ್ಟಿಯ ಗಾತ್ರದ ಒಂದು ಸ್ನಾಯು. ಅದರಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು ರಕ್ತವನ್ನು ಬರಮಾಡಿಕೊಳ್ಳುತ್ತವೆ. ಕೆಳಗಿನ ಎರಡು ಹೃತ್ಕುಕ್ಷಿಗಳು ಅದನ್ನು ಹೊರಕ್ಕೆ ದೂಡುತ್ತವೆ. ಬಲ ಹೃತ್ಕುಕ್ಷಿ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸಿದರೆ, ಎಡ ಹೃತ್ಕುಕ್ಷಿ ಅದನ್ನು ಇಡೀ ದೇಹಕ್ಕೆ ಹಂಚುತ್ತದೆ. ಹೆಚ್ಚಿನ ಹೊರೆ ಎಡಗಡೆಯ ಕೋಣೆಯದೇ ಆದ್ದರಿಂದ ಅದರ ಗೋಡೆ ದಪ್ಪ. ನಿಮಿಷಕ್ಕೆ 70 ಸಲ ಬಡಿಯುವ ಹೃದಯ ದಿನವೊಂದಕ್ಕೆ ಲಕ್ಷ ಸಲ ಬಡಿಯುತ್ತದೆ. ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರ್ ರಕ್ತದಂತೆ, ಅದು ನಿಮಿಷಕ್ಕೆ ಸುಮಾರು 5 ಲೀಟರ್‌ನಷ್ಟನ್ನು ದೂಡುತ್ತದೆ. ದಿನಕ್ಕೆ 7,000 ಲೀಟರ್ ಆಗುತ್ತದೆ.

ಕುಲುಮೆಯ ತಿದಿಯನ್ನು ಎಷ್ಟು ಬಲವಾಗಿ ಒತ್ತಿದರೂ ಒಳಗಿನ ಗಾಳಿಯೆಲ್ಲ ಹೊರಬೀಳದು. ಸ್ವಲ್ಪ ಉಳಿದೇ ಉಳಿಯುತ್ತದೆ. ಹೃದಯವೂ ಹಾಗೆಯೇ. ಎಡ ಹೃತ್ಕುಕ್ಷಿ ಪೂರ್ತಿ ಹಿಗ್ಗಿದಾಗ ಅದರಲ್ಲಿ 120 ಮಿಲಿಲೀಟರ್ ರಕ್ತವಿದೆ, ಕುಗ್ಗಿದ ಮೇಲೆ 50 ಮಿಲಿಲೀಟರ್ ಉಳಿದಿದೆ ಎಂದಿಟ್ಟುಕೊಳ್ಳೋಣ. ಹೊರಹೋದದ್ದು 70. ತುಂಬಿದ್ದ 120ರಲ್ಲಿ ಈ 70 ಎಂದರೆ ಶೇಕಡಾ 58. ಇದೇ 'ಎಜೆಕ್ಷನ್ ಫ್ರ್ಯಾಕ್ಷನ್', ಅಂದರೆ ಹೊರದೂಡಿಕೆಯ ಪ್ರಮಾಣ. ವರದಿಯಲ್ಲಿರುವ ಇ.ಎಫ್. ಎಂಬುದು ಇದರ ಕಿರುರೂಪ.

ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇಕಡಾ 55ರಿಂದ 70ರೊಳಗೆ ಇರುತ್ತದೆ. ಇದು ಪರೀಕ್ಷೆಯಲ್ಲಿ ಬಂದ ಅಂಕವಲ್ಲ ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. "ನೂರಕ್ಕೆ ಅರವತ್ತೇ ಬಂದಿದೆ, ನಲವತ್ತು ಹೋಯಿತಲ್ಲ" ಎಂದು ಮರುಗುವವರನ್ನು ನಾವು ಕಂಡಿದ್ದೇವೆ. ನೂರಕ್ಕೆ ನೂರು ರಕ್ತವನ್ನು ಹೊರದೂಡುವ ಹೃದಯ ಲೋಕದಲ್ಲಿ ಯಾರಿಗೂ ಇಲ್ಲ. ಶೇಕಡಾ 60 ಎಂಬುದು ಚೆನ್ನಾಗಿ ದುಡಿಯುತ್ತಿರುವ ಹೃದಯದ ಗುರುತು.

ಇನ್ನು ದುರ್ಬಲ ಹೃದಯದ ಲೆಕ್ಕವನ್ನು ನೋಡೋಣ. ಸ್ನಾಯು ಸೋತಾಗ ಕೋಣೆ ಹಿಗ್ಗುತ್ತದೆ. ಈಗ ಅದರಲ್ಲಿ 200 ಮಿಲಿಲೀಟರ್ ತುಂಬುತ್ತದೆ, ಹೊರಹೋಗುವುದು 60. ಇ.ಎಫ್. ಕೇವಲ ಶೇಕಡಾ 30. ಆದರೆ ದೇಹಕ್ಕೆ ದೊರೆತ ರಕ್ತ 70ರಿಂದ 60ಕ್ಕೆ ಮಾತ್ರ ಇಳಿದಿದೆ. ಆದ್ದರಿಂದಲೇ ಹಲವರಿಗೆ ಕುಳಿತಲ್ಲಿ ಏನೂ ತೊಂದರೆ ತೋರುವುದಿಲ್ಲ. ಹೃದಯವು ತಾನು ಹಿಗ್ಗಿ, ತನ್ನ ಸೋಲನ್ನು ಮುಚ್ಚಿಟ್ಟು ಮನೆಯನ್ನು ನಡೆಸುತ್ತಿರುತ್ತದೆ. ಆ ಮುಚ್ಚಿಟ್ಟ ಸೋಲನ್ನು ಹೊರಗೆಡಹುವುದೇ ಈ ಅಳತೆಯ ಪ್ರಯೋಜನ.

ಮೊದಲ ಪರೀಕ್ಷೆ ಎಕೋ

ಹೃದಯವನ್ನು ಶಬ್ದದ ಅಲೆಗಳಿಂದ ನೋಡುವ ವಿಧಾನವನ್ನು ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಎಂಬವರು 1953ರಲ್ಲಿ ಆರಂಭಿಸಿದರು. ಅದೇ ಇಂದಿನ ಎಕೋ ಪರೀಕ್ಷೆಯ ಮೂಲ. ಇದು ಬೇಗ ಮುಗಿಯುತ್ತದೆ, ಖರ್ಚು ಕಡಿಮೆ, ಹಾಸಿಗೆಯ ಬಳಿಗೇ ಯಂತ್ರವನ್ನು ತರಬಹುದು. ಕವಾಟಗಳ ದೋಷವನ್ನೂ ಇದು ಚೆನ್ನಾಗಿ ತೋರಿಸುತ್ತದೆ. ಬಹುಮಂದಿಗೆ ಇಷ್ಟೇ ಸಾಕು.

ಆದರೆ ಇದಕ್ಕೂ ಒಂದು ಮಿತಿಯುಂಟು. ರೂಢಿಯ ಎಕೋದಲ್ಲಿ ಹೃತ್ಕುಕ್ಷಿಯ ಒಂದೆರಡು ನೋಟಗಳನ್ನು ಹಿಡಿದು, ಉಳಿದ ಭಾಗದ ಆಕಾರವನ್ನು ಊಹಿಸಿ ಗಾತ್ರವನ್ನು ಲೆಕ್ಕಹಾಕಲಾಗುತ್ತದೆ. ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾಗುವ ಬಾಳೆಯ ಮೊಗ್ಗಿನಂಥ ಆಕಾರವಿದ್ದರೆ ಊಹೆ ಸರಿಹೋಗುತ್ತದೆ. ಹೃದಯಾಘಾತದ ನಂತರ ಗೋಡೆಯ ಒಂದು ಭಾಗ ತೆಳುವಾಗಿ ಉಬ್ಬಿದ್ದರೆ ಆ ಊಹೆ ತಪ್ಪುತ್ತದೆ. ಅಲ್ಲದೆ ಸ್ಥೂಲಕಾಯರಲ್ಲಿ, ಶ್ವಾಸಕೋಶದ ಕಾಯಿಲೆಯುಳ್ಳವರಲ್ಲಿ ಚಿತ್ರ ಮಸುಕಾಗುವುದುಂಟು. ಹೀಗಾಗಿ ಒಬ್ಬರದೇ ಹೃದಯವನ್ನು ಇಬ್ಬರು ಬೇರೆ ಬೇರೆ ದಿನ ನೋಡಿದಾಗ ಇ.ಎಫ್. 5ರಿಂದ 10 ಅಂಶಗಳಷ್ಟು ಹೆಚ್ಚುಕಡಿಮೆಯಾಗುವುದು ಅಪರೂಪವಲ್ಲ. ಇದು ನೋಡಿದವರ ಅಜಾಗ್ರತೆಯಲ್ಲ, ವಿಧಾನದ ಸ್ವಭಾವ.

ಅಯಸ್ಕಾಂತದ ನೆರವು

ನಮ್ಮ ದೇಹದ ಬಹುಪಾಲು ನೀರು. ನೀರಿನಲ್ಲಿ ಜಲಜನಕವಿದೆ. ಜಲಜನಕದ ಪರಮಾಣುವಿನ ಬೀಜವು ಒಂದು ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲವಾದ ಕಾಂತಕ್ಷೇತ್ರದೊಳಗೆ ಇಟ್ಟಾಗ ಈ ಬೀಜಗಳು ಒಂದು ನಿಶ್ಚಿತ ಲಯದಲ್ಲಿ ಬುಗುರಿಯಂತೆ ತೂಗುತ್ತವೆ. ಅದೇ ಲಯದ ರೇಡಿಯೋ ಅಲೆಯನ್ನು ಹಾಯಿಸಿದರೆ ಅವು ಅದನ್ನು ಹೀರಿಕೊಂಡು, ಅಲೆ ನಿಂತೊಡನೆ ತಾವೇ ಒಂದು ಕ್ಷೀಣವಾದ ಅಲೆಯನ್ನು ಹೊರಸೂಸುತ್ತವೆ. ಇದನ್ನು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಎಂಬ ಭೌತವಿಜ್ಞಾನಿಗಳು 1946ರಲ್ಲಿ ಬೇರೆ ಬೇರೆಯಾಗಿ ತೋರಿಸಿಕೊಟ್ಟು, 1952ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಆ ಅಲೆಗಳಿಂದ ಚಿತ್ರವನ್ನು ರಚಿಸುವ ದಾರಿಯನ್ನು ಪಾಲ್ ಲಾಟರ್‌ಬರ್ 1973ರಲ್ಲಿ ಪ್ರಕಟಿಸಿದರು. ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಶೀಘ್ರಗೊಳಿಸಿದರು. ಇವರಿಬ್ಬರಿಗೆ 2003ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಸಂದಿತು.

ಹೃದಯದ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಯಂತ್ರದ ಕಾಂತಬಲ 1.5 ಟೆಸ್ಲಾ. ಇದು ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಇದರಲ್ಲಿ ಎಕ್ಸ್-ರೇ ಕಿರಣಗಳ ಬಳಕೆ ಇಲ್ಲವಾದ್ದರಿಂದ, ಅಗತ್ಯಬಿದ್ದಾಗ ಮತ್ತೆ ಮತ್ತೆ ಮಾಡಿಸಿದರೂ ವಿಕಿರಣದ ಭಯವಿಲ್ಲ.

ಬಿಲ್ಲೆಗಳ ಲೆಕ್ಕ

ಮಿಡಿಯುತ್ತಿರುವ ಹೃದಯದ ಚಿತ್ರ ತೆಗೆಯುವುದು ಸುಲಭವಲ್ಲ. ಅದು ಒಂದು ಕ್ಷಣವೂ ನಿಲ್ಲದು. ಆದ್ದರಿಂದ ರೋಗಿಯ ಎದೆಗೆ ಇ.ಸಿ.ಜಿ.ಯ ಪಟ್ಟಿಗಳನ್ನು ಅಂಟಿಸಿ, ಪ್ರತಿ ಬಡಿತದ ಆರಂಭವನ್ನು ಯಂತ್ರಕ್ಕೆ ತಿಳಿಸಲಾಗುತ್ತದೆ. ಹಲವು ಬಡಿತಗಳಿಂದ ತುಣುಕು ತುಣುಕಾಗಿ ಮಾಹಿತಿಯನ್ನು ಸಂಗ್ರಹಿಸಿ, ಯಂತ್ರವು ಒಂದು ಬಡಿತವನ್ನು 20ರಿಂದ 30 ಚಿತ್ರಗಳ ಚಲಚ್ಚಿತ್ರವಾಗಿ ಜೋಡಿಸುತ್ತದೆ. ಉಸಿರಾಟದಿಂದ ಹೃದಯ ಮೇಲೆ ಕೆಳಗೆ ಸರಿಯದಿರಲೆಂದು ಆ ಹೊತ್ತಿನಲ್ಲಿ ರೋಗಿ ಹತ್ತು ಹದಿನೈದು ಸೆಕೆಂಡುಗಳ ಕಾಲ ಉಸಿರು ಹಿಡಿದಿರಬೇಕಾಗುತ್ತದೆ.

ಅಡುಗೆಮನೆಯಲ್ಲಿ ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವುದನ್ನು ನೆನೆಯಿರಿ. ಎಂ.ಆರ್.ಐ. ಯಂತ್ರವೂ ಹೃದಯದ ಬುಡದಿಂದ ತುದಿಯವರೆಗೆ ಸುಮಾರು 6ರಿಂದ 8 ಮಿಲಿಮೀಟರ್ ದಪ್ಪದ ಹತ್ತು ಹನ್ನೆರಡು ಬಿಲ್ಲೆಗಳ ಚಿತ್ರವನ್ನು ತೆಗೆಯುತ್ತದೆ. ಪ್ರತಿ ಬಿಲ್ಲೆಯಲ್ಲಿ ರಕ್ತವಿರುವ ಭಾಗದ ಸುತ್ತ ಗೆರೆ ಎಳೆದು, ಅದರ ವಿಸ್ತೀರ್ಣವನ್ನು ಬಿಲ್ಲೆಗಳ ನಡುವಣ ಅಂತರದಿಂದ ಗುಣಿಸಿ, ಎಲ್ಲವನ್ನೂ ಕೂಡಿದರೆ ಕೋಣೆಯ ಒಟ್ಟು ಗಾತ್ರ ಸಿಗುತ್ತದೆ. ಹೃದಯ ಪೂರ್ತಿ ಹಿಗ್ಗಿದಾಗ ಒಮ್ಮೆ, ಪೂರ್ತಿ ಕುಗ್ಗಿದಾಗ ಒಮ್ಮೆ ಈ ಲೆಕ್ಕ ಮಾಡಿದರಾಯಿತು, ಇ.ಎಫ್. ತಾನಾಗಿ ದೊರೆಯುತ್ತದೆ. ಇಲ್ಲಿ ಆಕಾರದ ಊಹೆಗೆ ಎಡೆಯಿಲ್ಲ. ಸೌತೆಕಾಯಿ ನೆಟ್ಟಗಿರಲಿ, ಸೊಟ್ಟಗಿರಲಿ, ಬಿಲ್ಲೆಗಳನ್ನು ಕೂಡಿದರೆ ಲೆಕ್ಕ ತಪ್ಪದು. ಬಾಲಚಂದ್ರನಂತೆ ಬಾಗಿರುವ ಬಲ ಹೃತ್ಕುಕ್ಷಿಯ ಗಾತ್ರವನ್ನು ಎಕೋದಲ್ಲಿ ಅಳೆಯುವುದು ಬಲು ಕಷ್ಟ. ಇಲ್ಲಿ ಅದೂ ಸಾಧ್ಯ. ಈ ಕಾರಣಗಳಿಂದಲೇ ಹೃದಯದ ಗಾತ್ರ ಮತ್ತು ಇ.ಎಫ್. ವಿಷಯದಲ್ಲಿ ತಜ್ಞರು ಎಂ.ಆರ್.ಐ.ಯನ್ನು ಒರೆಗಲ್ಲೆಂದು ಭಾವಿಸುತ್ತಾರೆ.

ಯಾರಿಗೆ ಬೇಕು, ಯಾರಿಗೆ ಬೇಡ

ಹೃದಯದ ಎಂ.ಆರ್.ಐ. ಎಲ್ಲ ಊರುಗಳಲ್ಲೂ ದೊರೆಯುವಂಥದಲ್ಲ. ಖರ್ಚೂ ಎಕೋಗಿಂತ ಹೆಚ್ಚು. ಆದುದರಿಂದ, ಒಳ್ಳೆಯ ಪರೀಕ್ಷೆಯೆಂದು ಕೇಳಿದ ಮಾತ್ರಕ್ಕೆ ಸಾಲ ಮಾಡಿ ಓಡುವ ಅಗತ್ಯವಿಲ್ಲ. ಎಕೋದಲ್ಲಿ ಸ್ಪಷ್ಟ ಉತ್ತರ ಸಿಕ್ಕಿದ್ದರೆ ಅಲ್ಲಿಗೆ ಮುಗಿಯಿತು.

ಆದರೆ ಅಂಕಿಯೊಂದು ಗಡಿಯ ಮೇಲೆ ನಿಂತಾಗ ನಿಖರತೆಗೆ ಬೆಲೆ ಬರುತ್ತದೆ. ಇ.ಎಫ್. ಶೇಕಡಾ 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಚಿಕಿತ್ಸೆಯ ದಾರಿಯೇ ಬೇರೆ. ಮೂರು ತಿಂಗಳಿಗೂ ಮೇಲ್ಪಟ್ಟು ಸರಿಯಾದ ಔಷಧಿ ಕೊಟ್ಟ ಮೇಲೂ ಅದು ಶೇಕಡಾ 35ನ್ನು ಮೀರದಿದ್ದರೆ, ಹೃದಯದ ಲಯ ಹಠಾತ್ತನೆ ಕೆಟ್ಟು ಸಾವು ಸಂಭವಿಸದಂತೆ ತಡೆಯಲು ಎದೆಯ ಚರ್ಮದಡಿ ಒಂದು ಸಾಧನವನ್ನು ಇರಿಸುವ ವಿಚಾರ ಬರುತ್ತದೆ. ಒಂದು ಎಕೋ 33 ಎಂದು, ಇನ್ನೊಂದು 38 ಎಂದು ಹೇಳಿದರೆ ಮನೆಯವರು ಏನು ಮಾಡಬೇಕು? ದುಬಾರಿಯಾದ, ಜೀವಮಾನವಿಡೀ ಮೈಯಲ್ಲಿರುವ ಸಾಧನದ ಪ್ರಶ್ನೆ ಅದು. ಇಂಥ ಸಂದರ್ಭದಲ್ಲಿ ಎಂ.ಆರ್.ಐ. ಸಂದೇಹವನ್ನು ಕಳೆಯಬಲ್ಲುದು.

ಅಂಕಿಯನ್ನಷ್ಟೇ ಅಲ್ಲ, ಕಾರಣವನ್ನೂ ಅದು ತೋರಿಸಬಲ್ಲುದು. ಗ್ಯಾಡೊಲಿನಿಯಂ ಇರುವ ದ್ರವವನ್ನು ರಕ್ತನಾಳಕ್ಕೆ ಕೊಟ್ಟು, ಸುಮಾರು ಹತ್ತು ನಿಮಿಷದ ನಂತರ ಚಿತ್ರ ತೆಗೆದರೆ ಸತ್ತುಹೋದ ಸ್ನಾಯುವಿನ ಕಲೆ ಬೆಳ್ಳಗೆ ಹೊಳೆಯುತ್ತದೆ. ಆ ಕಲೆ ಎಲ್ಲಿದೆ, ಹೇಗಿದೆ ಎಂಬುದರಿಂದ ಇದು ಹಳೆಯ ಹೃದಯಾಘಾತವೋ, ಸ್ನಾಯುವಿನ ಉರಿಯೂತವೋ, ಬೇರೊಂದು ರೋಗವೋ ಎಂದು ವೈದ್ಯರು ಗುರುತಿಸುತ್ತಾರೆ. ಥಲಸ್ಸೇಮಿಯಾದಿಂದ ಬಳಲುತ್ತ ಪದೇ ಪದೇ ರಕ್ತ ಪಡೆಯುವ ಮಕ್ಕಳ ಹೃದಯದಲ್ಲಿ ಕಬ್ಬಿಣ ಶೇಖರವಾಗುತ್ತದೆ. ಇ.ಎಫ್. ಇಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಆ ಕಬ್ಬಿಣವನ್ನು ಮೊದಲೇ ಅಳೆಯುವ ಎಂ.ಆರ್.ಐ. ವಿಧಾನವನ್ನು ಲಂಡನ್ನಿನ ವೈದ್ಯರು 2001ರಲ್ಲಿ ಪ್ರಕಟಿಸಿದ ಮೇಲೆ, ಸಕಾಲದಲ್ಲಿ ಕಬ್ಬಿಣವನ್ನು ಹೊರಹಾಕುವ ಔಷಧಿಯನ್ನು ಹೆಚ್ಚಿಸಿ ಅನೇಕರನ್ನು ಉಳಿಸಿಕೊಳ್ಳುವುದು ಸಾಧ್ಯವಾಗಿದೆ.

ಇಲ್ಲಿ ಇನ್ನೊಂದು ಮಾತು. ಇ.ಎಫ್. ಚೆನ್ನಾಗಿದ್ದರೂ ಹೃದಯ ವೈಫಲ್ಯ ಇರಬಹುದು. ಸ್ನಾಯು ಬಿಗಿದು, ಸಡಿಲಗೊಂಡು ತುಂಬಿಕೊಳ್ಳಲಾರದ ಸ್ಥಿತಿ ಅದು. ಬಹುಕಾಲದ ರಕ್ತದೊತ್ತಡ, ಮಧುಮೇಹ ಇರುವ ವಯಸ್ಸಾದವರಲ್ಲಿ ಇದು ಸಾಮಾನ್ಯ. ಆದ್ದರಿಂದ ಏದುಸಿರಿರುವ ತಾಯಿಯ ವರದಿಯಲ್ಲಿ 60 ಎಂದಿದ್ದರೆ, "ಏನೂ ಇಲ್ಲ" ಎಂದು ಕೈಬಿಡಬಾರದು.

ಅಂಕಿ ಸರಿಹೋದರೆ ಔಷಧಿ ನಿಲ್ಲಿಸಬಹುದೇ?

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಏಳುವ ಪ್ರಶ್ನೆ ಇದು. ಇ.ಎಫ್. 28 ಇದ್ದವರಿಗೆ ಒಂದೆರಡು ವರ್ಷ ಕ್ರಮವಾಗಿ ಔಷಧಿ ಕೊಟ್ಟ ಮೇಲೆ 55 ಆಗುವುದುಂಟು. ಉಸಿರು ಹಗುರಾಗಿದೆ, ಊತ ಇಳಿದಿದೆ, ನಡಿಗೆ ಸರಾಗವಾಗಿದೆ. ಇನ್ನೇಕೆ ಈ ಮಾತ್ರೆಗಳ ಹೊರೆ ಎಂದು ರೋಗಿ ಕೇಳುತ್ತಾರೆ. ತಿಂಗಳ ಖರ್ಚನ್ನು ಕಂಡು ಮನೆಯವರೂ ಹೌದೆನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಹುಡುಕಿದವರೂ ಇದ್ದಾರೆ.

ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ವೈದ್ಯರು, ಹೃದಯ ಹಿಗ್ಗುವ ಕಾಯಿಲೆಯಿಂದ ಚೇತರಿಸಿಕೊಂಡಿದ್ದ 51 ಮಂದಿಯನ್ನು ಆರಿಸಿಕೊಂಡರು. ಹಿಂದೆ ಶೇಕಡಾ 40ಕ್ಕಿಂತ ಕೆಳಗಿದ್ದ ಇವರ ಇ.ಎಫ್. ಈಗ 50 ಅಥವಾ ಅದಕ್ಕೂ ಮೇಲಿತ್ತು, ಹೃದಯದ ಗಾತ್ರವೂ ಸಹಜಸ್ಥಿತಿಗೆ ಬಂದಿತ್ತು, ಯಾರಿಗೂ ರೋಗಲಕ್ಷಣಗಳಿರಲಿಲ್ಲ. ಚೀಟಿ ಎತ್ತಿದಂತೆ ಇವರನ್ನು ಎರಡು ಗುಂಪು ಮಾಡಿ, 25 ಮಂದಿಗೆ ವೈದ್ಯರ ಕಣ್ಗಾವಲಿನಲ್ಲಿ ಔಷಧಿಯನ್ನು ಹಂತಹಂತವಾಗಿ ನಿಲ್ಲಿಸಲಾಯಿತು. 26 ಮಂದಿಗೆ ಮುಂದುವರಿಸಲಾಯಿತು. ಬದಲಾವಣೆಯನ್ನು ಅಳೆಯಲು ಅವರು ನೆಚ್ಚಿದ್ದು ಎಂ.ಆರ್.ಐ.ಯನ್ನೇ, ಸಣ್ಣ ಏರಿಳಿತವನ್ನೂ ನಂಬುವಂತೆ ಹೇಳಬಲ್ಲ ಅಳತೆ ಅದಾಗಿತ್ತು. ಆರು ತಿಂಗಳೊಳಗೆ ಔಷಧಿ ಬಿಟ್ಟ 25 ಮಂದಿಯಲ್ಲಿ 11 ಮಂದಿಗೆ, ಅಂದರೆ ಶೇಕಡಾ 44ರಷ್ಟು ಜನರಿಗೆ ಕಾಯಿಲೆ ಮರುಕಳಿಸಿತು. ಮುಂದುವರಿಸಿದ ಗುಂಪಿನಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಈ ಅಧ್ಯಯನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 2019ರಲ್ಲಿ ಅಚ್ಚಾಯಿತು.

ಇದರ ತಾತ್ಪರ್ಯ ಸ್ಪಷ್ಟ. ಅಂಕಿ ಸಹಜವಾಯಿತೆಂದರೆ ರೋಗ ಬುಡಸಹಿತ ಹೋಯಿತೆಂದಲ್ಲ. ಔಷಧಿಯ ಆಸರೆಯಲ್ಲಿ ಅಡಗಿದೆ ಎಂದರ್ಥ. ಊರುಗೋಲು ಹಿಡಿದು ನೆಟ್ಟಗೆ ನಡೆಯುವವರ ಕೈಯಿಂದ, "ಚೆನ್ನಾಗಿಯೇ ನಡೆಯುತ್ತೀರಲ್ಲ" ಎಂದು ಊರುಗೋಲನ್ನು ಕಸಿದರೆ ಹೇಗೋ ಹಾಗೆ. ಮಾತ್ರೆಗಳು ಹೆಚ್ಚಾದವೆನಿಸಿದರೆ, ಖರ್ಚು ತಡೆಯಲಾಗದಿದ್ದರೆ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಕಡಿಮೆ ಬೆಲೆಯ ಅದೇ ಔಷಧಿ ದೊರೆಯಬಹುದು. ತಾವಾಗಿ ನಿಲ್ಲಿಸುವುದು ಮಾತ್ರ ಸಲ್ಲದು.

ಪರೀಕ್ಷೆಗೆ ಹೋಗುವ ಮುನ್ನ

ಪರೀಕ್ಷೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಹಿಡಿಯಬಹುದು. ರೋಗಿಯನ್ನು ಸುರಂಗದಂಥ ಯಂತ್ರದೊಳಗೆ ಮಲಗಿಸುತ್ತಾರೆ. ಬಾಗಿಲು ಬಡಿದಂಥ ಗಟ್ಟಿ ಸದ್ದು ಕೇಳಿಸುತ್ತದೆ; ಕಿವಿ ಮುಚ್ಚಲು ಸಾಧನ ಕೊಡುತ್ತಾರೆ. ಇಕ್ಕಟ್ಟಿನಲ್ಲಿ ಗಾಬರಿಯಾಗುವವರು ಮೊದಲೇ ಹೇಳಬೇಕು. ಬಹುತೇಕ ಉಸಿರನ್ನು ಹೊರಬಿಟ್ಟ ಮೇಲೆ ಹಿಡಿಯಲು ಹೇಳುತ್ತಾರೆ. ಇದು ಹೊಸಬರಿಗೆ ಕಷ್ಟ. ಆಯಾಸವಿಲ್ಲದಿದ್ದರೆ, ಹಿಂದಿನ ಎರಡು ಮೂರು ದಿನ ಮನೆಯಲ್ಲಿ ಮಲಗಿ, ಉಸಿರು ಬಿಟ್ಟು ಹತ್ತು ಎಣಿಸುವವರೆಗೆ ತಡೆದು ಅಭ್ಯಾಸ ಮಾಡಿದರೆ ಚಿತ್ರ ಚೆನ್ನಾಗಿ ಬರುತ್ತದೆ. ಉಸಿರು ಹಿಡಿಯಲಾರದವರು ಸಂಕೋಚವಿಲ್ಲದೆ ತಿಳಿಸಲಿ. ಅವರಿಗೆ ಬೇರೆ ಕ್ರಮವಿದೆ.

ಯಂತ್ರದ ಅಯಸ್ಕಾಂತ ಚಿತ್ರ ತೆಗೆಯದಿರುವಾಗಲೂ ಜಾಗೃತವಾಗಿಯೇ ಇರುತ್ತದೆ. ಕಬ್ಬಿಣದ ವಸ್ತುವನ್ನು ಅದು ರಭಸದಿಂದ ಸೆಳೆಯಬಲ್ಲುದು. ಆದ್ದರಿಂದ ಜೊತೆಗೆ ಹೋದವರೂ ಕೀಲಿಕೈ, ಕೈಗಡಿಯಾರ, ಊರುಗೋಲು, ದೂರವಾಣಿಗಳೊಡನೆ ಆ ಕೋಣೆಯೊಳಗೆ ಕಾಲಿಡಬಾರದು. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಶ್ರವಣಸಾಧನ ಇರುವವರು ಅದರ ಕಾರ್ಡನ್ನು ಕೊಂಡೊಯ್ದು ಮುಂಚಿತವಾಗಿ ತೋರಿಸಬೇಕು. ಇತ್ತೀಚಿನ ಅನೇಕ ಪೇಸ್‌ಮೇಕರ್‌ಗಳು ಎಂ.ಆರ್.ಐ.ಗೆ ಹೊಂದುವಂತೆ ತಯಾರಾದವು; ಹಳೆಯವು ಹಾಗಲ್ಲ. ಹೃದಯದ ನಾಳದಲ್ಲಿ ಸ್ಟೆಂಟ್ ಇರುವವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೂತ್ರಪಿಂಡದ ತೀವ್ರ ಕಾಯಿಲೆಯಿದ್ದವರು ಮತ್ತು ಗರ್ಭಿಣಿಯರು ಗ್ಯಾಡೊಲಿನಿಯಂ ಕೊಡುವ ಮುನ್ನವೇ ತಮ್ಮ ಸ್ಥಿತಿಯನ್ನು ತಿಳಿಸಬೇಕು.

ಮಾಂಗಲ್ಯ, ಬಳೆ, ಕಾಲುಂಗುರ, ಹೇರ್‌ಪಿನ್ ಎಲ್ಲವನ್ನೂ ತೆಗೆದಿಡಬೇಕಾಗುತ್ತದೆ. ಇಷ್ಟಲಿಂಗದ ವಿಷಯದಲ್ಲಿ ನಮ್ಮ ಹಿರಿಯರು ಹಿಂಜರಿಯುವುದು ಸಹಜ. ಬೆಳ್ಳಿಯ ಕರಡಿಗೆಯನ್ನು ಅಯಸ್ಕಾಂತ ಸೆಳೆಯದು, ನಿಜ. ಆದರೆ ಚಿತ್ರ ತೆಗೆಯಬೇಕಾದ ಎದೆಯ ಮೇಲೆಯೇ ಅದು ಇರುತ್ತದೆ. ಯಾವ ಲೋಹವಾದರೂ ಅಲ್ಲಿದ್ದರೆ ಚಿತ್ರ ಕೆಡುತ್ತದೆ, ಬಿಸಿಯೇರುವ ಸಂಭವವೂ ಉಂಟು. ಆದುದರಿಂದ ಬಟ್ಟೆಯೊಳಗೆ ಮರೆಮಾಡಿಕೊಂಡು ಹೋಗಬಾರದು. ಮನೆಯವರೊಬ್ಬರು ಮಡಿಬಟ್ಟೆಯೊಂದನ್ನು ಜೊತೆಗೆ ಒಯ್ದು, ಶಿವದಾರಸಹಿತ ಅದನ್ನು ಕೈಯಲ್ಲಿ ಹಿಡಿದು ಹೊರಗೆ ಕಾದಿದ್ದು, ಹಿರಿಯರು ಹೊರಬಂದೊಡನೆ ಒಪ್ಪಿಸಿದರೆ ಅವರ ಮನಸ್ಸಿಗೂ ಸಮಾಧಾನ, ಪರೀಕ್ಷೆಗೂ ಅನುಕೂಲ. ಇದನ್ನು ಆಸ್ಪತ್ರೆಯ ಬಾಗಿಲಲ್ಲಿ ಅವಸರದಿಂದ ಹೇಳದೆ, ಹಿಂದಿನ ದಿನವೇ ಮನೆಯಲ್ಲಿ ಮಾತಾಡಿಕೊಳ್ಳುವುದು ಲೇಸು.

ಪುಟವೊಂದರ ಲೆಕ್ಕ

ಕೊನೆಯದಾಗಿ ಒಂದು ಸಲಹೆ. ಹೃದಯದ ಕಾಯಿಲೆಯಿರುವವರ ಮನೆಯಲ್ಲಿ ಒಂದು ಪುಸ್ತಕವಿರಲಿ. ಅದರ ಒಂದು ಪುಟದಲ್ಲಿ ಪರೀಕ್ಷೆಯ ದಿನಾಂಕ, ಅದು ಎಕೋ ಆಗಿತ್ತೋ ಎಂ.ಆರ್.ಐ. ಆಗಿತ್ತೋ, ಬಂದ ಇ.ಎಫ್. ಎಷ್ಟು, ಅಂದು ನುಂಗುತ್ತಿದ್ದ ಮಾತ್ರೆಗಳು ಯಾವುವು ಎಂಬುದನ್ನು ಬರೆದಿಡಿ. ಎಕೋವನ್ನು ಎಕೋದೊಡನೆ, ಎಂ.ಆರ್.ಐ.ಯನ್ನು ಎಂ.ಆರ್.ಐ.ಯೊಡನೆ ಹೋಲಿಸಬೇಕು, ಸೇರಿನ ಲೆಕ್ಕವನ್ನು ಕಿಲೋ ಲೆಕ್ಕಕ್ಕೆ ಬೆರೆಸಬಾರದು. ಎರಡು ಮೂರು ಅಂಶಗಳ ಏರಿಳಿತಕ್ಕೆ ಹೆದರಲೂ ಬಾರದು, ಹಿಗ್ಗಲೂ ಬಾರದು. ಹೊಸ ಪರೀಕ್ಷೆಯನ್ನು ಸೂಚಿಸಿದಾಗ, "ಇದರ ಉತ್ತರದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಎಂದು ವೈದ್ಯರನ್ನು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಮುಂದಿನ ಭೇಟಿಗೆ ಹೋಗುವಾಗ ಆ ಪುಸ್ತಕವನ್ನು ಮರೆಯದೆ ಕೊಂಡೊಯ್ಯಿರಿ.